ಹನ್ನೆರಡು ಜೆರ್ಸಿ, ಮೂರು ಊರಿನ ಮಣ್ಣು

ಮಕ್ಕಳ ಆಟದ ಅಂಗಿ ಒಗೆಯುವುದನ್ನು ಕುರಿತು ಪತ್ರಿಕೆಯಲ್ಲಿ ಬರೆಯುವುದುಂಟೇ ಎಂದು ಕೇಳುವವರಿದ್ದಾರು. ಕೇಳಲಿ. ಮಳೆಗಾಲದಲ್ಲಿ ಮೈದಾನದಿಂದ ಬಂದ ಮಗ ಕೆಸರು ಮೆತ್ತಿದ ಜೆರ್ಸಿಯನ್ನು ಬಚ್ಚಲಿನ ಮೂಲೆಗೆ ಎಸೆದು, ಮೂರು ದಿನ ಬಿಟ್ಟು "ಅಮ್ಮಾ, ನಾಳೆ ಮ್ಯಾಚು, ನನ್ನ ಜೆರ್ಸಿ ಎಲ್ಲಿ?" ಎಂದು ಕೇಳಿದಾಗ ತಾಯಿಯ ಪಾಡು ಏನಾಗುತ್ತದೆಂದು ಬಲ್ಲವರು ಹಾಗೆ ಕೇಳಲಾರರು.

ಕಳೆದ ಸಂಕ್ರಾಂತಿಯ ಹೊತ್ತಿಗೆ ನಾನು ಜಹೀರಾಬಾದಿನಲ್ಲಿದ್ದೆ. ನನ್ನ ಷಡ್ಡಕರು ಅಲ್ಲಿ ಬ್ಯಾಂಕಿನ ಉದ್ಯೋಗದಲ್ಲಿದ್ದಾರೆ. ಜಹೀರಾಬಾದು, ನಾರಾಯಣಖೇಡ, ತಾಂಡೂರು ಎಂಬ ಈ ಮೂರು ಊರುಗಳ ಹೆಸರು ನಮ್ಮ ಕಡೆಯವರಿಗೆ ಅಷ್ಟಾಗಿ ಪರಿಚಯವಿಲ್ಲ. 1956ರ ನವೆಂಬರ್ 1ರವರೆಗೆ ಮೊದಲಿನ ಎರಡು ತಾಲೂಕುಗಳು ಬೀದರ ಜಿಲ್ಲೆಯಲ್ಲೂ ತಾಂಡೂರು ಕಲಬುರಗಿ ಜಿಲ್ಲೆಯಲ್ಲೂ ಇದ್ದವು. ನಾವು ಕೇರಳದವರಾದ ದಿನವೇ ಅವರು ಆಂಧ್ರದವರಾದರು. 2014ರ ಜೂನ್ 2ರಿಂದ ತೆಲಂಗಾಣದವರು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ದಖನಿ ಉರ್ದು ಮಾತನಾಡುವ ಮನೆಗಳು ಅಲ್ಲಿ ಇಂದಿಗೂ ಇವೆ. ಈ ವಿಚಾರ ಇಲ್ಲಿಗೇ ಇರಲಿ. ನಾನು ಹೇಳಹೊರಟದ್ದು ಬಟ್ಟೆಯ ವಿಷಯ.

ನಾರಾಯಣಖೇಡದ ಕಡೆಯ ಒಂದು ಹಳ್ಳಿಯಲ್ಲಿ ಕಬಡ್ಡಿ ತಂಡವಿದೆ. ಷಡ್ಡಕರ ಪಕ್ಕದ ಮನೆಯವರ ಅಕ್ಕ ಆ ಹಳ್ಳಿಯವರು. ಅವರ ಮಗನೇ ತಂಡದ ನಾಯಕ. ಸಂಕ್ರಾಂತಿಯ ಪಂದ್ಯಗಳಿಗೆಂದು ಊರವರು ಮನೆಮನೆಗೆ ಹೋಗಿ ಹಣ ಕೂಡಿಸಿ ಹನ್ನೆರಡು ಜೆರ್ಸಿ ಹೊಲಿಸಿದ್ದರು. ಅಂಗಣದಲ್ಲಿ ಆಡುವವರು ಏಳು ಮಂದಿಯಾದರೂ ಕಬಡ್ಡಿ ತಂಡವೆಂದರೆ ಹನ್ನೆರಡು. ಕಡುನೀಲಿ ಬಟ್ಟೆ, ಹಳದಿ ಅಕ್ಷರ. ಬೆನ್ನಿನ ಮೇಲೆ ಊರಿನ ಹೆಸರು ತೆಲುಗಿನಲ್ಲಿ. ಎದೆಯ ಮೇಲೆ ಕನ್ನಡದಲ್ಲಿರಬೇಕೆಂದು ಹಿರಿಯರ ಹಟ. ನಾಯಕ ಹುಡುಗ ಓದಿದ್ದು ತೆಲುಗು ಮಾಧ್ಯಮದಲ್ಲಿ. ಕನ್ನಡದಲ್ಲಿ ಅವನಿಗೆ ಬರೆಯಲು ಬರುವುದು ತನ್ನ ಹೆಸರು ಮತ್ತು ಊರಿನ ಹೆಸರು, ಅಷ್ಟೇ.

ಜೆರ್ಸಿಗಳು ಕೈಗೆ ಬಂದದ್ದು ಪಂದ್ಯದ ಹಿಂದಿನ ರಾತ್ರಿ. ಮರುದಿನ ಆಟ. ಅದರ ಮರುದಿನ ಬೆಳಿಗ್ಗೆ ಆ ತಾಯಿ ಹನ್ನೆರಡನ್ನೂ ತಾವೇ ಒಗೆಯಲು ಕುಳಿತರು. ಹಂಡೆಯಲ್ಲಿ ಕಾಯಿಸಿದ ನೀರಿಗೆ ಹಾಕಿ ನೆನೆಸಿದರು. ಕಲ್ಲಿನ ಮೇಲೆ ಹರಡಿ, ಬಾರು ಸಾಬೂನು ತಿಕ್ಕಿ, ಬ್ರಷ್ಷಿನಿಂದ ಉಜ್ಜಿದರು. ಒಣಗಿದ ಮೇಲೆ ಚೆಂದ ಕಾಣಲೆಂದು ಹತ್ತಿ ಬಟ್ಟೆಗೆ ಬೇಕಾದಷ್ಟು ಕಾಯಿಸಿದ ಇಸ್ತ್ರಿ ಪೆಟ್ಟಿಗೆಯನ್ನು ಎದೆಯ ಮೇಲೆಯೇ ಒತ್ತಿದರು. ಮೊದಲನೆಯ ಜೆರ್ಸಿಯ ಅಕ್ಷರ ಕರಗಿ ಪೆಟ್ಟಿಗೆಗೆ ಮೆತ್ತಿತು. ಗಾಬರಿಯಾಗಿ ಉಳಿದವನ್ನು ಬಿಡಿಸಿ ನೋಡಿದರೆ ಐದು ಜೆರ್ಸಿಗಳಲ್ಲಿ ಒತ್ತಕ್ಷರ ಒಗೆಯುವಾಗಲೇ ಹೋಗಿತ್ತು. ಮತ್ತಾರರಲ್ಲಿ ಅಕ್ಷರದ ಅಂಚು ಎದ್ದು ನಿಂತಿತ್ತು.

ಊರಿನ ಹೆಸರು 'ಹಳ್ಳಿ' ಎಂದು ಮುಗಿಯುವಂಥದು. ಒತ್ತು ಹೋದ ಐದರಲ್ಲಿ ಅದು 'ಹಳಿ'ಯಾಯಿತು. ನಾರಾಯಣಖೇಡಕ್ಕೆ ರೈಲು ಇಲ್ಲವಷ್ಟೆ. "ರೈಲು ಬರಲಿಕ್ರ ಏನಾತು, ನಮ್ಮೂರಿಗೆ ಹಳಿ ಬಂತು ನೋಡ್ರಿ" ಎಂದು ಹುಡುಗರು ನಕ್ಕರು. ತಾಯಿ ನಗಲಿಲ್ಲ. "ಏನ್ ಮಾಡ್ಲಿ ಅಣ್ಣಾರ, ಬಿಸಿನೀರಾಗ ಹಾಕಿದ್ರ ಹೊಲಸು ಹೋಗ್ತದಂತ ಮಾಡಿದ್ದೆ. ಮಂದಿ ರೊಕ್ಕ ಕೊಟ್ಟು ಮಾಡ್ಸಿದ್ದು. ನಾಳೆ ಕೇಳಿದ್ರ ಯಾವ ಮಾರಿ ತೋರಸ್ಲಿ?" ಎಂದು ಅವರು ನನ್ನೆದುರು ಕಣ್ಣೊರಸಿಕೊಂಡರು. ಎರಡು ದಿನ ಬಿಟ್ಟು ತಾಂಡೂರಿನಲ್ಲಿ ಪಂದ್ಯವಿತ್ತು.

ಅವರ ತಪ್ಪೇನೂ ಇಲ್ಲ. ನಮ್ಮ ತಾಯಂದಿರೆಲ್ಲ ಬಟ್ಟೆ ಒಗೆಯಲು ಕಲಿತದ್ದು ಹತ್ತಿಯ ಮೇಲೆ. ಹಿಂದೆ ಆಟದ ಅಂಗಿಯೆಂದರೆ ಹತ್ತಿಯ ಬನಿಯನ್. ಬೆನ್ನಿಗೆ ಬೋರ್ಡು ಬರೆಯುವವನಿಂದ ಬಣ್ಣದಲ್ಲಿ ಅಂಕೆ ಬರೆಸುತ್ತಿದ್ದರು. ಅದನ್ನು ಕುದಿಸಬಹುದಿತ್ತು, ಕಲ್ಲಿಗೆ ಬಡಿಯಬಹುದಿತ್ತು. ಈಗಿನ ಜೆರ್ಸಿ ಪಾಲಿಯೆಸ್ಟರಿನದು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ಕಂಡುಹಿಡಿದ ಈ ನೂಲು ನಮ್ಮಲ್ಲಿಗೆ ಟೆರಿಲಿನ್, ಟೆರಿಕಾಟ್ ಎಂಬ ಹೆಸರುಗಳಲ್ಲಿ ಮದುವೆಯ ಉಡುಗೊರೆಯಾಗಿ ಬಂದುದು ಹಿರಿಯ ಓದುಗರಿಗೆ ನೆನಪಿದ್ದೀತು. ಹತ್ತಿಯ ನೂಲು ಗಾಳಿಯ ತೇವದಿಂದಲೇ ತನ್ನ ತೂಕದ ನೂರಕ್ಕೆ ಏಳೆಂಟು ಪಾಲು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಪಾಲನ್ನೂ ಹಿಡಿಯದು. ಬೆವರು ಎಳೆಗಳ ನಡುವಿನ ಸಂದಿನಲ್ಲಿ ಹರಿದು ಹೊರಗೆ ಬಂದು ಆರಿಹೋಗುತ್ತದೆ. ಆಟಗಾರನಿಗೆ ಅದೇ ಬೇಕು.

ಆದರೆ ನೀರನ್ನು ದೂರವಿಡುವ ಈ ನೂಲಿಗೆ ಎಣ್ಣೆಯೆಂದರೆ ಬಲು ಪ್ರೀತಿ. ಮೈಯ ಜಿಡ್ಡು ಎಳೆಗೆ ಅಂಟಿ ಕೂರುತ್ತದೆ, ಅದರ ಮೇಲೆ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಬೆಲ್ಜಿಯಂ ದೇಶದ ಘೆಂಟ್ ವಿಶ್ವವಿದ್ಯಾಲಯದವರು 26 ಮಂದಿಯನ್ನು ಬೆವರುವ ತನಕ ಸೈಕಲ್ ತುಳಿಸಿ, ಅವರ ಅಂಗಿಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹತ್ತಿಗಿಂತ ಪಾಲಿಯೆಸ್ಟರ್ ಹೆಚ್ಚು ನಾರುವುದೆಂದೂ, ಮೈಕ್ರೋಕಾಕಸ್ ಎಂಬ ಜೀವಿ ಅದರ ಮೇಲೆ ಹೆಚ್ಚಾಗಿ ಬೆಳೆಯುವುದೆಂದೂ ಹೇಳಿದ್ದಾರೆ. ಒಗೆದ ಜೆರ್ಸಿ ಹಾಕಿಕೊಂಡ ಅರ್ಧ ಗಂಟೆಗೇ ಮತ್ತೆ ನಾತ ಬರುವುದೇಕೆ ಎಂಬ ಪ್ರಶ್ನೆಗೆ ಉತ್ತರ ಇದು. ಮಗ ಸ್ನಾನ ಮಾಡಲಿಲ್ಲವೆಂದು ಸುಮ್ಮನೆ ಬೈಯಬೇಡಿ.

ಅಕ್ಷರ ಹೋದುದೇಕೆ?

ಜೆರ್ಸಿಯ ಮೇಲೆ ಹೆಸರು, ಅಂಕೆ ಕೂರಿಸುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಪ್ಲಾಸ್ಟಿಕ್ಕಿನ ತೆಳು ಹಾಳೆಯಲ್ಲಿ ಅಕ್ಷರ ಕತ್ತರಿಸಿ, ಸುಮಾರು 150 ಡಿಗ್ರಿ ಶಾಖದಲ್ಲಿ ಒತ್ತಿ ಅಂಟಿಸುವುದು ಒಂದು. ಇನ್ನೊಂದರಲ್ಲಿ ಸುಮಾರು 200 ಡಿಗ್ರಿ ಶಾಖಕ್ಕೆ ಬಣ್ಣ ಆವಿಯಾಗಿ ನೂಲಿನೊಳಕ್ಕೇ ಇಳಿಯುತ್ತದೆ. ಅಲ್ಲಿ ಸುಲಿಯುವುದಕ್ಕೆ ಏನೂ ಇರುವುದಿಲ್ಲ. ಬೆರಳಿನಿಂದ ಸವರಿ ನೋಡಿದರೆ ತಿಳಿಯುತ್ತದೆ: ಮೊದಲನೆಯದು ಉಬ್ಬಿಕೊಂಡಿರುತ್ತದೆ, ಎರಡನೆಯದು ಬಟ್ಟೆಯಷ್ಟೇ ನುಣುಪು.

ಆ ಹಳ್ಳಿಯವರದು ಅಂಟಿಸಿದ ಅಕ್ಷರ. ಅಂಟು ಪೂರ್ತಿ ಗಟ್ಟಿಯಾಗಲು ಒಂದು ಇಡೀ ದಿನವಾದರೂ ಬೇಕು. ಇಲ್ಲಿ ರಾತ್ರಿ ಬಂದದ್ದು, ಬೆಳಗಾದರೆ ಬೆವರು, ಎಳೆದಾಟ, ಮರುದಿನವೇ ಬಿಸಿನೀರು. ಬಿಸಿಯಿಂದ ಅಂಟಿದ್ದು ಬಿಸಿಯಿಂದಲೇ ಬಿಡುತ್ತದೆ. ಬ್ರಷ್ಷು ಅಂಚನ್ನು ಎಬ್ಬಿಸಿತು. ಹತ್ತಿಯ ಮಟ್ಟದ ಇಸ್ತ್ರಿಯ ಶಾಖ ಸುಮಾರು 200 ಡಿಗ್ರಿ. ಅದು ಉಳಿದ ಕೆಲಸ ಮುಗಿಸಿತು.

ಇಲ್ಲಿ ಕನ್ನಡಕ್ಕೇ ಸೇರಿದ ಒಂದು ತೊಡಕನ್ನು ಹೇಳಬೇಕು. ಇಂಗ್ಲಿಷಿನ ದೊಡ್ಡಕ್ಷರ ಒಂದೇ ತುಂಡು. ನಮ್ಮ ಒತ್ತಕ್ಷರ ಬೇರೆಯೇ ಒಂದು ಸಣ್ಣ ತುಂಡಾಗಿ ಕೆಳಗೆ ಕುಳಿತಿರುತ್ತದೆ. ತುಂಡು ಸಣ್ಣದಾದಷ್ಟೂ ಅಂಟಿನ ಹಿಡಿತ ಕಡಿಮೆ, ಅಂಚು ಹೆಚ್ಚು. ಆದ್ದರಿಂದ ಮೊದಲು ಹೋಗುವುದು ಒತ್ತು, ಬಳಿಕ ದೀರ್ಘ, ಆಮೇಲೆ ಅಕ್ಷರ. ನಮ್ಮ ಯುವಕ ಮಂಡಲಗಳವರೂ ಗಮನಿಸಬೇಕು: ಕನ್ನಡದಲ್ಲಿ ಹೆಸರು ಹಾಕಿಸುವುದಿದ್ದರೆ ಆದಷ್ಟು ಬಣ್ಣ ಒಳಗಿಳಿಯುವ ಬಗೆಯನ್ನೇ ಕೇಳಿ. ಆ ಬಗೆಯಲ್ಲಿ ಕಡುಬಣ್ಣದ ಬಟ್ಟೆಯ ಮೇಲೆ ತಿಳಿ ಅಕ್ಷರ ಮೂಡದು. ಬಿಳಿ ಬಟ್ಟೆಯ ಮೇಲೆ ಹಿನ್ನೆಲೆ, ಅಕ್ಷರ ಎರಡನ್ನೂ ಒಟ್ಟಿಗೇ ಅಚ್ಚು ಹಾಕಿಸಿ ಹೊಲಿಸಬೇಕು. ಅಂಟಿಸುವುದೇ ಆದರೆ ಅಕ್ಷರ ದಪ್ಪವಿರಲಿ, ಒತ್ತು ಮೇಲಿನ ಅಕ್ಷರಕ್ಕೆ ತಾಗಿಕೊಂಡಿರಲಿ.

ರಿಪೇರಿ ನಡೆದುದು ಜಹೀರಾಬಾದಿನ ಮನೆಯಲ್ಲಿ. ಅಂಚು ಮಾತ್ರ ಎದ್ದಿದ್ದ ಆರನ್ನು ಉಳಿಸುವುದು ಕಷ್ಟವಾಗಲಿಲ್ಲ. ಜೆರ್ಸಿಯನ್ನು ಮೇಜಿನ ಮೇಲೆ ಹರಡಿ, ಅಕ್ಷರದ ಮೇಲೆ ತೆಳ್ಳಗಿನ ಹತ್ತಿ ಬಟ್ಟೆ ಹಾಸಿ, ಆವಿ ಇಲ್ಲದ ಮಧ್ಯಮ ಬಿಸಿಯ ಇಸ್ತ್ರಿಯನ್ನು ಹತ್ತರಿಂದ ಹದಿನೈದು ಸೆಕೆಂಡು ಒತ್ತಿ ಹಿಡಿದೆವು. ಒತ್ತಬೇಕು, ಎಳೆಯಬಾರದು. ಪೂರ್ತಿ ತಣಿದ ಮೇಲೆಯೇ ಬಟ್ಟೆ ತೆಗೆಯಬೇಕು. ಇಸ್ತ್ರಿಗೆ ಮೆತ್ತಿದ್ದ ಪ್ಲಾಸ್ಟಿಕ್ಕನ್ನು ನನ್ನ ನಾದಿನಿ ಕಾಗದದ ಮೇಲೆ ಹರಳುಪ್ಪು ಹರಡಿ, ಬಿಸಿ ಪೆಟ್ಟಿಗೆಯನ್ನು ಅದರ ಮೇಲೆ ಉಜ್ಜಿ ತೆಗೆದಳು. ಒತ್ತು ಕಳೆದುಕೊಂಡವಕ್ಕೆ ಹಳದಿ ಬಟ್ಟೆಯಲ್ಲಿ ಒತ್ತು ಕತ್ತರಿಸಿ ಹೊಲಿಯಬೇಕಾಯಿತು. ಕರಗಿದ ಜೆರ್ಸಿಗೆ ಇಡೀ ಹೆಸರನ್ನೇ ಹೊಲಿದರು. ಜಹೀರಾಬಾದಿನ ದರ್ಜಿಗೆ ಕನ್ನಡ ಓದಲು ಬಾರದು. ಆ ನಾಯಕ ಹುಡುಗನೇ ಸೀಮೆಸುಣ್ಣದಲ್ಲಿ ಅಕ್ಷರ ಬರೆದುಕೊಟ್ಟು ಪಕ್ಕದಲ್ಲಿ ನಿಂತ. ನಾನು ಕಾಸರಗೋಡಿನವನೆಂದು ತಿಳಿದಾಗ ಅವನು ಕೇಳಿದ ಮೊದಲ ಪ್ರಶ್ನೆ, "ಕುಂಬಳೆ ನಿಮ್ಮ ಕಡೀಗೇ ಬರ್ತದೇನ್ರಿ?" ಎಂದು. ಅನಿಲ್ ಕುಂಬ್ಳೆಯ ಹಿರಿಯರ ಊರೆಂದು ಕೇಳಿದನೆಂದುಕೊಂಡೆ. ಅಲ್ಲ, ಹೈದರಾಬಾದಿನ ತೆಲುಗು ಟೈಟನ್ಸ್ ಕಬಡ್ಡಿ ತಂಡಕ್ಕೆ ತರಬೇತಿ ಕೊಟ್ಟ ಜಗದೀಶ್ ಕುಂಬಳೆಯವರ ಊರೆಂದು!

ಕೆಂಪು, ಕಪ್ಪು, ಬಿಳುಪು

ಆ ಮೂರು ಊರುಗಳಲ್ಲಿ ಮೂರು ಬಗೆಯ ಮಣ್ಣು. ಜೆರ್ಸಿ ಒಗೆಯುವವರು ಮೊದಲು ಮಣ್ಣನ್ನು ನೋಡಬೇಕು, ಆಮೇಲೆ ಸಾಬೂನನ್ನು.

ಜಹೀರಾಬಾದಿನದು ಕೆಂಪು. ಅಲ್ಲಿನ ಎತ್ತರದ ಬಯಲಿನಲ್ಲಿ ನಮ್ಮ ಮುರಕಲ್ಲೇ ಇದೆಯೆಂದರೆ ನೀವು ನಂಬಲಿಕ್ಕಿಲ್ಲ. 1807ರಲ್ಲಿ ಬುಕಾನನ್ ಸಾಹೇಬನು ನಮ್ಮ ಮಲಬಾರಿನ ಅಂಗಾಡಿಪ್ಪುರಂ ಕಡೆಯ ಕಲ್ಲನ್ನು ಕಂಡು ಯಾವುದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನೋ ಅದೇ ಕಲ್ಲು, ಅದೇ ಕೆಂಪು ಧೂಳು. ಇದರ ಬಣ್ಣ ಕಬ್ಬಿಣದ ತುಕ್ಕಿನದು, ಸಾಬೂನಿಗೆ ಕರಗುವಂಥದಲ್ಲ. ಚಂಡಿ ಇರುವಾಗ ಉಜ್ಜಿದಿರೋ, ನೂಲಿನ ಸಂದಿಗೆ ಇಳಿದು ಕುಳಿತಿತು. ಪೂರ್ತಿ ಒಣಗಲು ಬಿಡಿ. ಒಣಗಿದ ಮೇಲೆ ಕೊಡವಿ, ಮೆದು ಬ್ರಷ್ಷಿನಿಂದ ಒಳಮಗ್ಗುಲಿನಿಂದ ತಟ್ಟಿ ಉದುರಿಸಿ. ಅನಂತರ ಸಾಬೂನಿಲ್ಲದ ತಣ್ಣೀರಿನಲ್ಲಿ, ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ಜಾಲಿಸಿ. ಸಾಬೂನಿನ ಸರದಿ ಬರುವುದು ಇಷ್ಟಾದ ಮೇಲೆ. ಆಮೇಲೂ ಕೆಂಪು ಉಳಿದರೆ ನಿಂಬೆರಸಕ್ಕೆ ಉಪ್ಪು ಸೇರಿಸಿ ಕಲೆಯ ಮೇಲೆ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಬ್ಲೀಚಿಂಗ್ ಪುಡಿಯನ್ನು ಮಾತ್ರ ಮುಟ್ಟಬೇಡಿ. ಅದು ತುಕ್ಕಿನ ಕಲೆಯನ್ನು ತೆಗೆಯದು, ಬಟ್ಟೆಯ ಬಣ್ಣವನ್ನೂ ಹಿಗ್ಗುವ ನೂಲಿನ ಬಲವನ್ನೂ ತೆಗೆಯುತ್ತದೆ.

ನಾರಾಯಣಖೇಡದ ಹೊಲಗಳ ಎರೆಮಣ್ಣು ಕಪ್ಪು, ಅಂಟು. ಹಿಂದೆ ಅಲ್ಲಿನ ಹೆಂಗಸರು ಇದರಿಂದಲೇ ತಲೆಕೂದಲು ತೊಳೆಯುತ್ತಿದ್ದರು, ಏಕೆಂದರೆ ಎಣ್ಣೆಯನ್ನು ಇದು ಚೆನ್ನಾಗಿ ಹೀರುತ್ತದೆ. ನೀರಿನಲ್ಲಿ ಉಬ್ಬಿ ಸಡಿಲವಾಗುವುದು ಇದರ ಗುಣ. ಆದ್ದರಿಂದ ಇದನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಯಲು ಬಿಟ್ಟರೆ ಅರ್ಧ ಕೆಲಸ ನೀರೇ ಮಾಡಿಬಿಡುತ್ತದೆ. ಬಾಲ್ದಿಯ ತಳಕ್ಕೆ ಕೆಸರು ಇಳಿದಿರುತ್ತದೆ. ಬಟ್ಟೆಯನ್ನು ಮೇಲಿನಿಂದ ಎತ್ತಿ ತೆಗೆಯಬೇಕು, ಬಾಲ್ದಿಯನ್ನು ಬಗ್ಗಿಸಬಾರದು.

ತಾಂಡೂರು ಎಂದರೆ ಕಲ್ಲು. ಮನೆಯ ನೆಲಕ್ಕೆ ಹಾಸುವ ತಾಂಡೂರು ಕಲ್ಲಿನ ಊರು, ಸಿಮೆಂಟು ಕಾರ್ಖಾನೆಗಳ ಊರು. 2022ರಲ್ಲಿ ಭೌಗೋಳಿಕ ಗುರುತು ಪಡೆದ ತೊಗರಿ ಬೇಳೆಯ ಊರೂ ಹೌದು. ಆ ಬೇಳೆಯ ರುಚಿ ನಮ್ಮ ಸಾರಿಗೆ ಸಿಕ್ಕುವಂತಾದರೆ ಎಷ್ಟು ಚೆನ್ನ. ತಾಂಡೂರಿನ ಬಿಳಿ ಧೂಳು ಸುಣ್ಣಕಲ್ಲಿನದು. ಅಂಗಣದ ಗೆರೆ ಎಳೆಯುವ ಸುಣ್ಣದ ಪುಡಿಯೂ ಇದೇ ಜಾತಿಯದು. ಒಣಗಿದಾಗಲೇ ಕೊಡವಿ, ಬಾಲ್ದಿ ನೀರಿಗೆ ಅರ್ಧ ಲೋಟ ವಿನೆಗರ್ ಬೆರೆಸಿ ಕಾಲು ಗಂಟೆ ಅದ್ದಿಟ್ಟರೆ ಬಿಟ್ಟುಹೋಗುತ್ತದೆ. ಆದರೆ ಆ ನೀರನ್ನು ತಾಂಡೂರು ಕಲ್ಲಿನ ನೆಲದ ಮೇಲೆ ಚೆಲ್ಲಿದರೆ ನೆಲದ ಹೊಳಪೂ ಹೋದೀತು. ಹುಳಿ ಸುಣ್ಣವನ್ನು ತಿನ್ನುತ್ತದೆ.

ನೀರಿನದು ಇನ್ನೊಂದು ಕತೆ. ಆ ಕಡೆಯ ಕೊಳವೆಬಾವಿಗಳ ನೀರು ಗಡಸು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರದಿರಲಿ, ಬೇರೆ ನೀರೇ ಸಿಗದಿದ್ದರೆ 600ರವರೆಗೆ ಆಗಬಹುದು ಎಂದು ಸರಕಾರಿ ಮಾನದಂಡ ಹೇಳುತ್ತದೆ. ಇಂಥ ನೀರಿನಲ್ಲಿ ಬಾರು ಸಾಬೂನು ನೊರೆ ಕೊಡದೆ ಒಡೆದ ಹಾಲಿನಂತೆ ಗಸಿ ಕಟ್ಟಿ ಬಟ್ಟೆಗೆ ಮೆತ್ತುತ್ತದೆ. ಜೆರ್ಸಿಗೆ ಆ ಗಸಿ ಕೂತರೆ ಬೆವರು ಹರಿಯುವ ಸಂದುಗಳು ಮುಚ್ಚಿಹೋಗುತ್ತವೆ. 1959ರಲ್ಲಿ ಸರ್ಫ್, ಹತ್ತು ವರ್ಷಗಳ ಬಳಿಕ ನಿರ್ಮಾ ಬಂದಾಗ ಗಡಸು ನೀರಿನ ಸೀಮೆಯ ಹೆಂಗಸರಿಗೆ ದೊಡ್ಡ ಉಪಕಾರವೇ ಆಯಿತು. ಈ ಪುಡಿಗಳು ಅಷ್ಟು ಸುಲಭವಾಗಿ ಗಸಿ ಕಟ್ಟವು. ಬಾಲ್ದಿ ನೀರಿಗೆ ಒಂದು ಚಮಚ ಒಗೆಯುವ ಸೋಡಾ ಮೊದಲೇ ಹಾಕಿದರೂ ಗಡಸು ತಗ್ಗುತ್ತದೆ. ಹಿಂದಿನ ಅಗಸರು ಚೌಳು ಮಣ್ಣಿನಿಂದ ಮಾಡುತ್ತಿದ್ದುದು ಇದನ್ನೇ. ಅಂಟುವಾಳದ ನೊರೆಯೂ ಗಡಸು ನೀರಿಗೆ ಜಗ್ಗುವುದಿಲ್ಲ.

ನಮ್ಮಲ್ಲಿ ತೊಂದರೆ ತಿರುಗುಮುರುಗು. ನಮ್ಮ ಬಾವಿಯ ನೀರು ಮೆದು, ಚಿಟಿಕೆ ಪುಡಿಗೇ ಬಾಲ್ದಿ ತುಂಬ ನೊರೆ. ಆದರೂ ಪೊಟ್ಟಣದ ಮೇಲೆ ಬರೆದಷ್ಟು ಸುರಿಯುತ್ತೇವೆ. ಜಾಲಿಸಿದಷ್ಟೂ ಹೋಗದ ಸಾಬೂನು ನೂಲಿನಲ್ಲಿ ಉಳಿದು ಕೊಳೆಯನ್ನು ಕರೆಯುತ್ತದೆ. ಅರ್ಧ ಅಳತೆ ಸಾಕು.

ಮನೆಯಲ್ಲಿ ಒಗೆಯುವ ಕ್ರಮ

ಆಟ ಮುಗಿದ ಜೆರ್ಸಿಯನ್ನು ಚೀಲದೊಳಗೆ ಮುದ್ದೆ ಮಾಡಿ ಇಡುವುದೇ ಮೊದಲ ಅಪರಾಧ. ಮನೆಗೆ ಬಂದೊಡನೆ ಒಳಮೈ ಹೊರಗೆ ಮಾಡಿ ಗಾಳಿಗೆ ಹಾಕಬೇಕು. ಇದನ್ನು ಮಗನೇ ಮಾಡಲಿ. ಜಿಗಿದು ಎದುರಾಳಿಯ ಕಾಲು ಹಿಡಿಯಬಲ್ಲವನಿಗೆ ಒಂದು ಅಂಗಿ ಮಗುಚಿ ಹಾಕಲು ಬಾರದೇ? ಒಗೆಯುವಾಗಲೂ ಒಳಮೈ ಹೊರಗಿರಲಿ, ಅಕ್ಷರ ಒಳಗಿರಲಿ. ರಕ್ತದ ಕಲೆಗೆ ತಣ್ಣೀರು, ಉಪ್ಪು; ಬಿಸಿನೀರು ಸೋಕಿತೋ ಆ ಕಲೆ ಖಾಯಂ. ನೋವಿನ ಎಣ್ಣೆ ಹಚ್ಚಿಕೊಂಡು ಆಡಿದವರ ಜೆರ್ಸಿಗೆ ಪಾತ್ರೆ ತೊಳೆಯುವ ದ್ರವ ಒಂದೆರಡು ಹನಿ ಹಾಕಿ ಬೆರಳಿನಿಂದ ತಟ್ಟಿರಿ. ಅಂದ ಹಾಗೆ ಮೈಗೆ ಎಣ್ಣೆ ಹಚ್ಚಿ ಕಬಡ್ಡಿ ಆಡುವುದು ನಿಯಮಕ್ಕೂ ವಿರುದ್ಧ.

ನಾತ ಬಿಡದಿದ್ದರೆ ಒಂದು ಪಾಲು ವಿನೆಗರಿಗೆ ನಾಲ್ಕು ಪಾಲು ತಣ್ಣೀರು ಬೆರೆಸಿ ಅರ್ಧ ಗಂಟೆ ನೆನೆಸಿ, ಬಳಿಕ ಎಂದಿನಂತೆ ಒಗೆಯಿರಿ. ಘಮಘಮಿಸುವ ಕಂಡೀಷನರ್ ದ್ರವ ಬೇಡ. ಅದು ಎಳೆಗಳ ಮೇಲೆ ಪದರ ಕಟ್ಟುತ್ತದೆ, ಬೆವರು ಹೋಗಲು ದಾರಿಯಿಲ್ಲದಾಗುತ್ತದೆ. ಯಂತ್ರದಲ್ಲಿ ಹಾಕುವುದಾದರೆ ಜೀನ್ಸು, ಜಿಪ್ಪು ಇರುವ ಬಟ್ಟೆಗಳೊಂದಿಗೆ ಬೇಡ. ತಣ್ಣೀರು, ಮೆದು ಸುತ್ತು. ಹೊಸ ಬಣ್ಣದ ಬಟ್ಟೆಯನ್ನು ಮೊದಲ ಎರಡು ಸಲ ಬೇರೆಯೇ ಒಗೆಯಿರಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ: ಒಮ್ಮೆ ನಾನು ಶಾಲೆಯ ತಂಡದ ಬಿಳಿ ಅಂಗಿಗಳನ್ನು ಹೊಸ ಕೆಂಪು ಚಡ್ಡಿಗಳ ಜತೆ ಒಂದೇ ಬಾಲ್ದಿಗೆ ಹಾಕಿ, ಆ ವರ್ಷವಿಡೀ ನಮ್ಮ ಹುಡುಗರು ಗುಲಾಬಿ ಬಣ್ಣದಲ್ಲಿ ಆಡಿದರು. ಅವರು ಈಗಲೂ ಸಿಕ್ಕಿದಾಗ ನೆನಪಿಸುತ್ತಾರೆ.

ಬಲವಾಗಿ ಉಜ್ಜಬಾರದೆಂಬುದಕ್ಕೆ ಇನ್ನೊಂದು ಕಾರಣವೂ ಉಂಟು. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಲೆಕ್ಕ ಹಾಕಿದಂತೆ ಯಂತ್ರದಲ್ಲಿ ಆರು ಕಿಲೋ ಪಾಲಿಯೆಸ್ಟರ್ ಒಗೆದರೆ ಸುಮಾರು ಐದು ಲಕ್ಷ ಸಣ್ಣ ಎಳೆಗಳು ನೀರಿಗೆ ಸೇರಬಹುದು. ಅವು ಕರಗುವಂಥವಲ್ಲ. ಮಂಜೀರೆಯ ನೀರನ್ನು ಹೈದರಾಬಾದಿನವರು ಕುಡಿಯುತ್ತಾರೆ. ನಮ್ಮ ಚಂದ್ರಗಿರಿ ಹೊಳೆ ಸಮುದ್ರಕ್ಕೆ ಹೋಗುತ್ತದೆ, ಅಲ್ಲಿಂದ ಮೀನು ನಮ್ಮ ಮನೆಗೆ ಬರುತ್ತದೆ.

ಒಣಗಿಸುವಾಗ ಹಿಂಡಿ ತಿರುಚಬೇಡಿ. ದಪ್ಪ ಟವೆಲಿನಲ್ಲಿ ಸುತ್ತಿ ಒತ್ತಿದರೆ ನೀರು ಹೋಗುತ್ತದೆ. ಜಹೀರಾಬಾದಿನ ಒಣಗಾಳಿಗೆ ನೆರಳಿನಲ್ಲೇ ಒಂದು ಗಂಟೆಯೊಳಗೆ ಒಣಗಿತು. ಕಾದ ಕಲ್ಲಿನ ಮೇಲೆ ಹರಡುವುದು ಮಾತ್ರ ಬೇಡ, ಬಿಸಿಲಿಗೆ ಕಾದ ಹಾಸುಗಲ್ಲು ಅಂಟಿಸಿದ ಅಕ್ಷರಕ್ಕೆ ವೈರಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಶತ್ರು ಬೂಷ್ಟು. ಹ್ಯಾಂಗರಿಗೆ ಹಾಕಿ, ಎರಡು ಬಟ್ಟೆಗಳ ನಡುವೆ ಗೇಣು ಜಾಗ ಬಿಟ್ಟು ಫ್ಯಾನಿನ ಕೆಳಗೆ ತೂಗುಹಾಕಿ. ಒಲೆಯ ಮೇಲಿನ ಅಟ್ಟ ಬೇಡ. ಹೊಗೆಯ ವಾಸನೆ ಈ ನೂಲಿಗೆ ಹಿಡಿದರೆ ಬಿಡದು. ಪೂರ್ತಿ ಒಣಗದೆ ಮಡಚಿಡಬೇಡಿ. ಅಕ್ಷರದ ಮೇಲೆ ಮಡಿಕೆ ಬೀಳದಂತೆ ಅಡ್ಡಲಾಗಿ ಸುರುಳಿ ಸುತ್ತಿಡುವುದು ಒಳ್ಳೆಯದು. ಇಸ್ತ್ರಿ ಅನಗತ್ಯ. ಸುಕ್ಕಾಗಿದ್ದರೆ ಸ್ನಾನದ ಬಿಸಿನೀರಿನ ಆವಿಯಲ್ಲಿ ಹತ್ತು ನಿಮಿಷ ತೂಗುಹಾಕಿದರೆ ಸಾಕು.

ತಾಂಡೂರಿನ ಪಂದ್ಯವನ್ನು ನೋಡಲು ನಾನೂ ಹೋಗಿದ್ದೆ. ನಮ್ಮ ಹುಡುಗರು ಎರಡು ಅಂಕಗಳಿಂದ ಸೋತರು. ಆದರೆ ಜಗ್ಗಾಟದಲ್ಲಿ ಹೊಲಿದ ಒತ್ತುಗಳಲ್ಲಿ ಒಂದೂ ಕಿತ್ತುಬರಲಿಲ್ಲ. ಒತ್ತಿ ಅಂಟಿಸಿದವುಗಳಲ್ಲಿ ಒಂದರ ಮೂಲೆ ಮತ್ತೆ ಎದ್ದಿತು. ಮೊನ್ನೆ ಆ ತಾಯಿ ಫೋನು ಮಾಡಿದ್ದರು. ಹಣ ಕೊಟ್ಟವರಲ್ಲಿ ಯಾರೂ ಕೇಳಲಿಲ್ಲವಂತೆ. ಹನ್ನೆರಡೂ ತಣ್ಣೀರಿನಲ್ಲಿ ಇದುವರೆಗೆ ಹದಿನಾಲ್ಕು ಸಲ ಒಗೆತ ಕಂಡಿವೆಯಂತೆ, ಎಣಿಸಿದ್ದಾರೆ. ಒತ್ತು ಕಳೆದುಕೊಂಡ ಐದರಲ್ಲಿ ನಾಲ್ಕಕ್ಕೇ ಹೊಲಿಗೆ ಬಿದ್ದದ್ದು. ಐದನೆಯದನ್ನು ಹುಡುಗರು ದರ್ಜಿಗೆ ಕೊಡಲೇ ಇಲ್ಲ. ಅದರಲ್ಲಿ ಊರು ಈಗಲೂ 'ಹಳಿ'ಯೇ, ಅದನ್ನು ಹಾಕಿಕೊಳ್ಳಲು ಅವರಲ್ಲಿ ಪೈಪೋಟಿಯಂತೆ.